ಸೂರ್ಯನ ಕಿವಿ ಹಿಂಡಿದ ಮಹಾಲಿಂಗಪ್ಪ

ಸವಣೂರಿನ ಎಲೆತೋಟದ ಮಹಾಲಿಂಗಪ್ಪ ಒಂದು ದಿನ ಸೂರ್ಯನ ಕಿವಿ ಹಿಂಡಿದ್ದ. ಮಾಗಿಯ ಒಂದು ನಸುಕಿನಲ್ಲಿ ಸೂರ್ಯ ಏಳುವುದು ತುಸು ತಡವಾಯಿತು. ಅಷ್ಟರೊಳಗೆ ಮಹಾಲಿಂಗಪ್ಪ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಆರು ಸಾಲು ಬಳ್ಳಿಯ ಎಲೆ ಕೊಯ್ದು, ಬುಟ್ಟಿ ತುಂಬಿಸಿ ತೋಟದ ಮೂಡಣ ಬೇಲಿಯ ಹತ್ತಿರ ಕಾಯುತ್ತ ಕುಳಿತಿದ್ದ. ಕಾದು ಕಾದು ಬೇಸರವಾಗಿ ಬೇಲಿಯಾಚೆ ಕೈ ಹಾಕಿದ, ಸೂರ್ಯನ ಕಿವಿ ಹಿಡಿದು ಮೇಲಕ್ಕೆಳೆದ. ಅವತ್ತಿನಿಂದ ಸೂರ್ಯ ಹುಟ್ಟುವಾಗ ಕೆಂಪಗಿರುತ್ತಾನೆ. ಅದಕ್ಕೂ ಮೊದಲು ಬೆಳ್ಳಗೇ ಹುಟ್ಟುತ್ತಿದ್ದ. ನಂಬಿಕೆ ಬಾರದಿದ್ದರೆ ಅಷ್ಟು ಹೊತ್ತಿಗೆ ಎದ್ದು ನೋಡಿದ ಹಿರಿಯರನ್ನು ಕೇಳಬಹುದು. ಆದರೆ ಅಷ್ಟು ಹೊತ್ತಿಗೆ ಎದ್ದ ಹಿರಿಯರು ಸವಣೂರಿನಲ್ಲಿ ಒಬ್ಬರೂ ಇರಲಿಲ್ಲ.

ಇದನ್ನು ಮಹಾಲಿಂಗಪ್ಪನೇ ಶೇಖಸಾಬನ ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತು, ಎಡಗೈಯಲ್ಲಿ ಖಾರದ ಪೊಟ್ಟಣ ಹಿಡಿದು, ಬಲಗೈಯಿಂದ ಹಿಂಡಿದ್ದು ಹೇಗೆಂದು ತೋರಿಸುತ್ತ ಹೇಳುತ್ತಿದ್ದ. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ, ಸವಣೂರ, ಈ ನಾಲ್ಕೂ ಸೀಮೆಯ ಹುಂಜಗಳು ತನ್ನ ಕೆಮ್ಮು ಕೇಳಿದ ಮೇಲೆಯೇ ಕೂಗುತ್ತವೆ ಎನ್ನುತ್ತಿದ್ದ. ಒಮ್ಮೆ ನೆಗಡಿಯಾಗಿ ಸರಿಹೊತ್ತಿನಲ್ಲಿ ಕೆಮ್ಮಿಬಿಟ್ಟನಂತೆ. ತಿಳವಳ್ಳಿಯ ತನಕ ಹುಂಜಗಳು ಕೂಗಿ, ರೈತರು ಎದ್ದು ನೇಗಿಲು ಹೊತ್ತು ಹೊಲಕ್ಕೆ ಹೋಗಿ, ಅರ್ಧ ಹೊಲ ಉತ್ತ ಮೇಲೂ ಬೆಳಕಾಗದ್ದು ನೋಡಿ ಮನೆಗೆ ತಿರುಗಿದರಂತೆ. ಆ ವರ್ಷ ತಿಳವಳ್ಳಿಯ ಭತ್ತ ಎರಡು ಪಟ್ಟು ಬಂದದ್ದು ಅದೇ ಕಾರಣಕ್ಕೆ.

ಮೋಡ ಮುಚ್ಚಿದ ದಿನ ಶೇಖಸಾಬ ಬಸಿಯಲ್ಲಿ ಚಹಾ ಸುರಿದು ಮುಂದೆ ಇಡುತ್ತ ಕೇಳುತ್ತಿದ್ದ: "ಏನ್ರಿ ಮಾಲಿಂಗಪ್ಪಾರ, ಸೂರ್ಯಾಗ ಇವತ್ತ ಸೂಟಿ ಕೊಟ್ಟೀರೇನು?"

"ಕೊಟ್ಟೇನಿ. ನಿನ್ನಿ ಬಾಳ ದಣಿದಿದ್ದ, ಪಾಪ."

ಕುಳಿತವರು ನಗುತ್ತಿದ್ದರು. ಮಹಾಲಿಂಗಪ್ಪ ನಗುತ್ತಿರಲಿಲ್ಲ. ನಗದೇ ಹೇಳುತ್ತಾನಲ್ಲ, ಅದೇ ಇವನ ಹುನ್ನಾರ ಎಂದು ಜನ ತಿಳಿದಿದ್ದರು. ಅದರಲ್ಲಿ ಹುನ್ನಾರ ಏನೂ ಇರಲಿಲ್ಲ. ಎರಡು ವರ್ಷದಿಂದ ಅವನಿಗೆ ನಗು ಬರುತ್ತಿರಲಿಲ್ಲ, ಅಷ್ಟೆ. ಅಳುವೂ ಬಂದಿರಲಿಲ್ಲ. ಹೆಂಡತಿ ಶಿವಬಸವ್ವ ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ಹೋದಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅವನು ಸ್ನಾನ ಮಾಡಿ, ಕೊಟ್ಟದ್ದು ಉಂಡು, ಮರುದಿನ ತೋಟಕ್ಕೆ ಹೋದ. ಗಟ್ಟಿ ಮನುಷ್ಯ ಎಂದರು ಕೆಲವರು, ಕಲ್ಲು ಎಂದರು ಕೆಲವರು. ಅವನಿಗೆ ಮಾತ್ರ ಮೈಕೆಳಗೆ ಸಿಕ್ಕು ಜೋಮು ಹಿಡಿದ ಕೈಯ ಹಾಗೆ ಇತ್ತು. ಕಣ್ಣಿಗೆ ಕಾಣುವ ಕೈ ತನ್ನದೇ, ಮುಟ್ಟಿದರೆ ಬೇರೆ ಯಾರದೋ. ಕೈಯ ಜೋಮು ಕೊಡವಿದರೆ ಬಿಡುತ್ತದೆ. ಇದು ಬಿಡಲಿಲ್ಲ. ಒಂದು ಸಲ ಸುಣ್ಣ ಹೆಚ್ಚಾಗಿ ನಾಲಿಗೆ ಒಡೆದು ರಕ್ತ ತುಟಿಗೆ ಬಂದರೂ ಶೇಖಸಾಬ ತೋರಿಸಿದ ಮೇಲೆಯೇ ಅವನಿಗೆ ತಿಳಿದದ್ದು. ಆದರೂ ಆ ನಾಲಿಗೆ ಸುಮ್ಮನಿರಲಿಲ್ಲ. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುವಂತೆ ತನ್ನಷ್ಟಕ್ಕೆ ಆಡುತ್ತಿತ್ತು.

ಹಾಗೆಂದು ಅವನ ಹೆಸರು ಬರೀ ಬಾಯಿಬಲದಿಂದ ಬಂದದ್ದಲ್ಲ. ಸವಣೂರಿನಿಂದ ಹೋಗುವ ಎಲೆಯಲ್ಲಿ ಮೊದಲ ಬುಟ್ಟಿ ಯಾವಾಗಲೂ ಮಹಾಲಿಂಗಪ್ಪನದು. ಇಬ್ಬನಿ ಆರುವ ಮುಂಚೆ ಕೊಯ್ದ ಎಲೆ ಬೇರೆ, ಬಿಸಿಲು ಕಂಡ ಎಲೆ ಬೇರೆ. ಕೊಳ್ಳುವವರು ಬೆರಳಿನಲ್ಲಿ ಮಡಚಿ ನೋಡಿಯೇ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಅವನ ಮನೆಯ ಎಲೆ ತಪ್ಪಿರಲಿಲ್ಲ, ಶಿವಬಸವ್ವ ಹೋದ ಮೇಲಿನ ಈ ಎರಡು ವರ್ಷವೂ ತಪ್ಪಲಿಲ್ಲ. ನಸುಕಿನಲ್ಲಿ ಏಳುವುದರಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ಜನ ಮಹಾಲಿಂಗಪ್ಪನ ಬುಟ್ಟಿ ತೋರಿಸುತ್ತಿದ್ದರು.

ಹಿರೇಕೆರೂರಿನ ಪರಮೇಶಪ್ಪ ಆ ಬುಟ್ಟಿ ನೋಡಿಯೇ ಮರುಳಾದದ್ದು.

ಶಿಗ್ಗಾಂವದ ಸಂತೆಯ ದಿನ. ಯುದ್ಧದ ಕಾಲ, ಪೆಟ್ರೋಲ ಇಲ್ಲ, ಬಸ್ಸಿನ ಹಿಂದೆ ಹಂಡೆಯಂಥದೊಂದನ್ನು ಕಟ್ಟಿ ಇದ್ದಲಿ ಉರಿಸಿ ಓಡಿಸುತ್ತಿದ್ದರು. ಅದು ಉರಿ ಹಿಡಿಯುವ ತನಕ ಒಂದು ತಾಸು ಗಾಳಿ ತಿರುವಬೇಕು. ಆ ಒಂದು ತಾಸಿನಲ್ಲಿ ಪರಮೇಶಪ್ಪ ಮಹಾಲಿಂಗಪ್ಪನ ಪಕ್ಕ ಕುಳಿತು ಬೆಳಗಿನ ನಿದ್ದೆಯ ಮೇಲೆ ಪುರಾಣ ಹೇಳಿದ. ಹಿರೇಕೆರೂರಿನಲ್ಲಿ ಹತ್ತಿ, ಕಾಳುಕಡಿಯ ವ್ಯಾಪಾರ ಮಾಡುವ, ಕೋಟಿನ ಕಿಸೆಯಲ್ಲಿ ಸರಪಳಿಯ ಗಡಿಯಾರ ಇಟ್ಟ ಮನುಷ್ಯ. ನಸುಕಿನ ಗಾಳಿಯಿಂದ ರಕ್ತ ಶುದ್ಧ, ಕಣ್ಣು ಚುರುಕು, ಹೊಟ್ಟೆ ಹಗುರ. ಬೆಳಗಿನ ಪೂಜೆಯ ಫಲ ಬೇರೆ, ವ್ಯಾಪಾರದ ಬುದ್ಧಿ ಓಡುವುದೇ ಆಗ. ಐದಕ್ಕೆ ಅಂಗಳ ಒದ್ದೆಯಾಗಿರದ ಮನೆಯ ಕಡೆ ಲಕ್ಷ್ಮಿ ಮುಖ ಹಾಕುವುದಿಲ್ಲ. ತನ್ನ ಮನೆಯಲ್ಲಿ ನಾಲ್ಕಕ್ಕೆ ಸಗಣಿ ನೀರಿನ ಥಳಿ ಬಿದ್ದು, ರಂಗೋಲಿ ಮೂಡಿ, ಒಲೆ ಹೊತ್ತಿರುತ್ತದೆ ಎಂದು ಹೇಳಿ ಗಡಿಯಾರ ತೆಗೆದು ನೋಡಿಕೊಂಡ. ಮಗ ನಾಗಪ್ಪನಿಗೆ ಹೆಣ್ಣು ಹುಡುಕುತ್ತಿದ್ದ. ಹೇಳದೆ ಕೇಳದೆ ನಸುಕಿನಲ್ಲೇ ಹೋಗಿ ಹೆಣ್ಣಿನವರ ಅಂಗಳ ನೋಡುವುದು ಅವನ ಪದ್ಧತಿ. ಹಾನಗಲ್ಲಿನ ಹೆಣ್ಣು ಅಂಗಳ ಒಣಗಿದ್ದಕ್ಕೆ ತಪ್ಪಿತು. ತಿಳವಳ್ಳಿಯಲ್ಲಿ ಅಂಗಳ ಒದ್ದೆ ಇತ್ತು, ಆದರೆ ಒಲೆ ತಣ್ಣಗಿತ್ತು.

ಮಹಾಲಿಂಗಪ್ಪನಿಗೂ ಮದುವೆಗೆ ಬಂದ ಮಗಳಿದ್ದಳು, ದಾನವ್ವ. ಅವನ ನಾಲಿಗೆ ತನ್ನ ಕೆಲಸ ಮಾಡಿತು. ಬಸ್ಸು ಉರಿ ಹಿಡಿಯುವಷ್ಟರಲ್ಲಿ ಸೂರ್ಯನ ಕಿವಿಯೂ, ತಿಳವಳ್ಳಿಯ ಹುಂಜಗಳೂ ಮುಗಿದು, ತನ್ನ ಮಗಳ ಕೈಯ ಥಳಿ ನೀರು ಬೀಳುವ ಸಪ್ಪಳಕ್ಕೇ ಸವಣೂರಿನ ಮಸೀದಿಯ ಮುಲ್ಲಾ ಎದ್ದು ಬಾಂಗು ಕೂಗುತ್ತಾನೆ ಎಂಬಲ್ಲಿಗೆ ಬಂದು ನಿಂತಿತ್ತು. ಪರಮೇಶಪ್ಪ ಅರ್ಧ ನಂಬಿದ. ಅರ್ಧ ಅವನಿಗೆ ಸಾಕಾಗಿತ್ತು.

ಮುಂದೆ ಹುಡುಗ ತೋಟದ ಎಲೆ ನೋಡುವ ನೆವದಲ್ಲಿ ಒಮ್ಮೆ ಬಂದುಹೋದ. ದಾನವ್ವ ಬಾಗಿಲ ಸಂದಿನಿಂದ ನೋಡಿದಳು. ಹುಡುಗ ಬಾಗಿಲ ಸಂದನ್ನು ನೋಡಿದ. ಅದಾದ ಮೇಲೆ ದಾನವ್ವ ಎಲೆ ಕಟ್ಟುವಾಗ ನೂರರ ಕಟ್ಟಿಗೆ ನೂರಾ ಹತ್ತು ಹಾಕತೊಡಗಿದಳು. ಪಕ್ಕದ ಮನೆಯ ಮುದುಕಿ ಹುಚ್ಚವ್ವ ಅದನ್ನು ಎಣಿಸಿ ನೋಡಿ, ಹುಡುಗಿಗೆ ಮನಸ್ಸಾಗಿದೆ ಎಂದು ಮಹಾಲಿಂಗಪ್ಪನಿಗೆ ಹೇಳಿದಳು. ಅವನಿಗೆ ಸಂತೋಷವಾಗಬೇಕಿತ್ತು. ಸಂತೋಷ ಆಗುವ ಜಾಗ ಎಲ್ಲಿದೆ ಎಂದು ಎದೆ ಮುಟ್ಟಿ ನೋಡಿಕೊಂಡ. ಅಂಗಿಯ ಗುಂಡಿ ಸಿಕ್ಕಿತು. ಆದರೂ ಇದೊಂದು ತಪ್ಪಬಾರದು ಎಂದು ಅವನಿಗೆ ತಿಳಿದಿತ್ತು. ಹಸಿವೆ ಇಲ್ಲದವನಿಗೂ ಊಟದ ಹೊತ್ತು ತಿಳಿಯುವಂತೆ ತಿಳಿದಿತ್ತು.

ಹಿರೇಕೆರೂರಿನಿಂದ ಕಾರ್ಡು ಬಂತು. ಈ ಸಲ ಪರಮೇಶಪ್ಪ ಪದ್ಧತಿ ಬಿಟ್ಟು ಮೊದಲೇ ತಿಳಿಸಿದ್ದ. ಹೆಂಡತಿ ಸರೋಜವ್ವನೂ ಬರುತ್ತಾಳೆ, ಶಿಗ್ಗಾಂವದ ಬಳಗದವರಲ್ಲಿ ಇಳಿದು, ಅಲ್ಲಿಂದ ಚಕ್ಕಡಿ ಹೂಡಿಸಿ ಸೋಮವಾರ ನಸುಕಿನ ಐದಕ್ಕೆ ಸರಿಯಾಗಿ ಮನೆ ನೋಡುತ್ತೇವೆ, ಎಲ್ಲ ಸರಿ ಕಂಡರೆ ಅಲ್ಲೇ ಎಲೆಅಡಿಕೆ ಹಿಡಿಯೋಣ.

ಅಕ್ಷರ ಬಲ್ಲ ಶೇಖಸಾಬ ಅದನ್ನು ಓದಿ ಹೇಳಿದ. ಮಹಾಲಿಂಗಪ್ಪ ಮನೆಗೆ ಬಂದು ಮಗಳಿಗೆ ಹೇಳಿದ. ದಾನವ್ವ ಕೌದಿ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತದೆ ಹೇಳಿದಳು:

"ಅಪ್ಪಾ, ಆ ಮಂದಿ ಮುಂದ ಸೂರ್ಯಾನ ಕಿವಿ ಹಿಂಡಬ್ಯಾಡ. ನಾ ಅಲ್ಲಿ ಹೋಗಿ ಬಾಳೇವು ಮಾಡೂದೈತಿ."

"ಹಿಂಡೂದಿಲ್ಲ ತಗೀ."

"ನಸಿಕಿನ್ಯಾಗ ಎಬ್ಬಿಸಿದ್ರ ನಾನೂ ಏಳ್ತೇನಿ. ಎಬ್ಬಸೂದ ಇಲ್ಲ ನೀ."

ಆ ಮನೆಯಲ್ಲಿ ದಾನವ್ವ ಹೊತ್ತು ಹುಟ್ಟಿದ ಮೇಲೆ ಏಳುತ್ತಿದ್ದಳು. ಅಂಗಳಕ್ಕೆ ನೀರು ಬೀಳುವಾಗ ಎಳೆಬಿಸಿಲು ಬಂದಿರುತ್ತಿತ್ತು. ತಾಯಿ ಇಲ್ಲದ ಮಗಳನ್ನು ಅಪ್ಪ ಕೆಡಿಸಿದ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ದಾನವ್ವ ಒಂದೆರಡು ಸಲ ತಾನಾಗಿ ಎದ್ದು ಕುಳಿತರೆ ಅಪ್ಪ ಕಟ್ಟೆಯ ಮೇಲಿನಿಂದಲೇ ಇನ್ನೂ ಹೊತ್ತಿದೆ, ಮಲಗು ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಅಪ್ಪ ಎದ್ದಿರುತ್ತಿದ್ದ. ಯಾವಾಗ ಎದ್ದ ಎಂದು ಅವಳು ಎಂದೂ ಕಂಡಿರಲಿಲ್ಲ.

ಮಗಳಿಗೆ ಕೊಟ್ಟ ಮಾತು ಹೊಸ್ತಿಲು ದಾಟುವ ತನಕ ಇತ್ತು. ಹೊರಗೆ ಬಂದವನೇ ಹುಚ್ಚವ್ವನನ್ನು ಕರೆದು ಆಟ ಕಟ್ಟಿದ. ಸೋಮವಾರ ಶೇಖಸಾಬನ ಅಂಗಡಿಯ ಗಡಿಯಾರ ನಾಲ್ಕು ಹೊಡೆದ ಕೂಡಲೆ ಹುಚ್ಚವ್ವ ಬರಬೇಕು. ಥಳಿ ಹೊಡೆದು ರಂಗೋಲಿ ಹಾಕಬೇಕು, ಒಲೆ ಹೊತ್ತಿಸಬೇಕು, ದಾನವ್ವನನ್ನು ಎಬ್ಬಿಸಿ ಹೆರಳು ಹಾಕಬೇಕು. ಆಮೇಲೆ ತನ್ನ ಮನೆಗೆ ಹೋಗಿ ಬಾಗಿಲ ಹಿಂದೆ ನಿಲ್ಲಬೇಕು. ಐದಕ್ಕೆ ಬೀಗರು ಬಂದ ಮೇಲೆ ಕಣ್ಣು ತಿಕ್ಕುತ್ತ ಹೊರಗೆ ಬಂದು ದಾನವ್ವನ ಹೆಸರು ಹಿಡಿದು ಹೊಗಳಬೇಕು. ಹೊಗಳುವ ಮಾತನ್ನು ಅವನೇ ಬಾಯಿಪಾಠ ಮಾಡಿಸಿದ. ಹುಚ್ಚವ್ವ ಎಮ್ಮೆಗೆ ಮೇವು ಹಾಕುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಎಲ್ಲವನ್ನೂ ಲೆಕ್ಕ ಹಾಕಿದ ಮಹಾಲಿಂಗಪ್ಪ ಒಂದನ್ನು ಮರೆತ. ಹಿಂದಿನ ವರ್ಷ ಯುದ್ಧದ ಸಲುವಾಗಿ ಸರಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದೆ ತಳ್ಳಿತ್ತು. ಶಿಗ್ಗಾಂವ, ಹಿರೇಕೆರೂರಿನ ಕಚೇರಿಗಳು, ಬಸ್ಸುಗಳು ಹೊಸ ಹೊತ್ತಿಗೆ ನಡೆಯುತ್ತಿದ್ದವು. ಸವಣೂರಿನ ಹುಂಜಕ್ಕೂ ಶೇಖಸಾಬನ ಗಡಿಯಾರಕ್ಕೂ ಆ ಹುಕುಂ ಮುಟ್ಟಿರಲಿಲ್ಲ. ಮುಳ್ಳು ತಿರುಗಿಸಿದರೆ ಸ್ಪ್ರಿಂಗು ಕೆಡುತ್ತದೆ ಎಂದು ಶೇಖಸಾಬ ಮುಟ್ಟಲಿಲ್ಲ. ಬಸ್ಸು ಹಿಡಿಯುವವರು ಮಾತ್ರ ಮನಸ್ಸಿನಲ್ಲಿ ಒಂದು ತಾಸು ಕೂಡಿಸಿಕೊಂಡು ಮನೆ ಬಿಡುತ್ತಿದ್ದರು. ವಾರ ವಾರ ಬಸ್ಸಿಗೆ ಹೋಗುವ ಮಹಾಲಿಂಗಪ್ಪ, ಬಸ್ಸಿಗೆ ಕೂಡಿಸಿದ್ದನ್ನು ಬೀಗರಿಗೆ ಕೂಡಿಸಲಿಲ್ಲ.

ಸೋಮವಾರ ಅವನು ಎಂದಿನ ಹಾಗೆ ಕತ್ತಲಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ. ಚಳಿ ಇತ್ತೆಂದು ಬಾಯಿಂದ ಹೊಗೆಯಂತೆ ಹೊರಡುವ ಉಸಿರು ನೋಡಿ ತಿಳಿದುಕೊಂಡ. ಓಣಿಯ ಕೊನೆಯಲ್ಲಿ ಚಕ್ಕಡಿಯ ಗಾಲಿ ಸಪ್ಪಳವಾಯಿತು. ಎಲೆಯ ಚಕ್ಕಡಿ ಇರಬೇಕು ಎಂದುಕೊಂಡ. ಅದು ಅವನ ಮನೆಯ ಮುಂದೆ ನಿಂತಿತು. ಕೋಟು ತೊಟ್ಟು, ಕಿವಿಗೆ ವಸ್ತ್ರ ಸುತ್ತಿದ ಪರಮೇಶಪ್ಪ ಇಳಿದ. ಅವನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು, ಸರೋಜವ್ವ, ಚಕ್ಕಡಿಯ ಅಂಚು ಹಿಡಿದು, ಹಿಡಿದುಕೊಂಡ ಸೊಂಟ ಬಿಡಿಸಿಕೊಳ್ಳುತ್ತ ಇಳಿದಳು.

ಪರಮೇಶಪ್ಪ ಬೆಂಕಿಕಡ್ಡಿ ಗೀರಿ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷ ಕಮ್ಮಿ. ಶೇಖಸಾಬನ ಗಡಿಯಾರ ಇನ್ನೂ ನಾಲ್ಕು ಹೊಡೆದಿರಲಿಲ್ಲ. ಮಹಾಲಿಂಗಪ್ಪನಿಗೆ ಆಗ ತಿಳಿಯಿತು, ಮತ್ತು ತಿಳಿದದ್ದು ಬಹಳ ದೂರದಲ್ಲಿ ಯಾರಿಗೋ ತಿಳಿದಂತೆ ಇತ್ತು. ಕಡ್ಡಿಯ ಬೆಳಕಿನಲ್ಲಿ ಅಂಗಳ ಹಪ್ಪಳದಂತೆ ಒಣಗಿ ಬಿದ್ದಿತ್ತು.

"ಅಂಗಳ ಒಣಗೇತಲ್ಲರಿ," ಎಂದ ಪರಮೇಶಪ್ಪ.

ನಾಲಿಗೆ ಎದ್ದು ನಿಂತಿತು. ಅಂಗಳ ಒಣಗದೆ ಏನು ಮಾಡೀತು, ಥಳಿ ಬಿದ್ದು ನಾಲ್ಕು ತಾಸಾಯಿತು ಎಂದ ಮಹಾಲಿಂಗಪ್ಪ. ಈ ಮನೆಯಲ್ಲಿ ಒಂದಕ್ಕೆ ಥಳಿ ಬೀಳುತ್ತದೆ. ರಂಗೋಲಿ ಹಾಕಿತ್ತು, ಇರುವೆಗಳು ಎದ್ದು ತಿಂದು ಹೋಗಿ ಮತ್ತೆ ಮಲಗಿದವು. ಪರಮೇಶಪ್ಪ ಬಗ್ಗಿ ಒಳಗೆ ನೋಡಿ, ಒಲೆಯಲ್ಲಿ ಕೆಂಡ ಕಾಣದು ಎಂದ. ಅಡಿಗೆಯಾಗಿ, ಉಂಡು, ಪಾತ್ರೆ ತೊಳೆದಿಟ್ಟ ಮೇಲೆ ಒಲೆ ಉರಿಸಿದರೆ ಕಟ್ಟಿಗೆ ದಂಡ ಎಂದ ಇವನು. ಹಾಗಾದರೆ ಹುಡುಗಿ ಯಾಕೆ ಮಲಗಿದ್ದಾಳೆ ಎಂದು ಪರಮೇಶಪ್ಪ ಕೊನೆಯ ಪ್ರಶ್ನೆ ಕೇಳಿದ.

"ಇದು ಆಕೀ ಮಧ್ಯಾಹ್ನದ ನಿದ್ದಿರಿ," ಎಂದ ಮಹಾಲಿಂಗಪ್ಪ. "ಊಟ ಆಗಿ ಬಾಳೊತ್ತಾತು. ಒಂದೀಟು ಅಡ್ಡಾಗ್ಯಾಳ."

ಇಂಥ ಮಾತಿಗೆ ಶೇಖಸಾಬನ ಅಂಗಡಿಯಲ್ಲಾದರೆ ಚಹಾದ ಬಸಿಗಳು ಉರುಳುತ್ತಿದ್ದವು. ಪರಮೇಶಪ್ಪ ನಗಲಿಲ್ಲ. ಅವನ ಮುಖದಲ್ಲಿ ಮೊದಲು ಸಂಶಯ ಬಂತು, ಆಮೇಲೆ ನಿಧಾನಕ್ಕೆ ಒಂದು ಬಗೆಯ ಭಕ್ತಿ ಬಂತು. ನಾಲ್ಕಕ್ಕೆ ಏಳುವ ತನ್ನ ಮನೆ ಈ ಮನೆಯ ಮುಂದೆ ಸೋಮಾರಿಗಳ ಛತ್ರ. ಮೂವತ್ತು ವರ್ಷ ಊರೂರಿಗೆ ಉಪದೇಶ ಮಾಡಿದವನಿಗೆ ಕಡೆಗೂ ಗುರು ಸಿಕ್ಕಂತಾಗಿತ್ತು. ಅವನು ಕಟ್ಟೆಯ ಮೇಲೆ ಕುಳಿತು, ಇಂಥ ಮನೆಯ ಹೆಣ್ಣು ನಮ್ಮ ಪುಣ್ಯ, ಎಲೆಅಡಿಕೆ ತರಿಸಿರಿ ಎಂದ.

ಮುಗಿದುಹೋಯಿತು. ಇನ್ನು ಸುಮ್ಮನಿದ್ದರೆ ಆಯಿತು.

ಅಷ್ಟರಲ್ಲಿ ಸರೋಜವ್ವ ಒಳಗೆ ಹೋಗಿ ಬಂದಳು. ಅವಳು ಬೆಂಕಿಕಡ್ಡಿ ಗೀರಲಿಲ್ಲ. ಹೆಂಗಸರಿಗೆ ನಸುಕಿನ ಮನೆ ಕತ್ತಲಲ್ಲೂ ಗೊತ್ತಿರುತ್ತದೆ. ಅಂಗಳದ ಮಣ್ಣು ಅಂಗಾಲಿಗೆ ಹೇಳಿತು. ಒಲೆಯ ಬೂದಿಗೆ ಕೈ ಹಾಕಿದಳು, ನಿನ್ನೆ ಸಂಜೆಯದು. ಬೀಸುವ ಕಲ್ಲಿನ ಹತ್ತಿರ ಕುಳಿತು ಗೂಟ ಹಿಡಿಯಲು ಕೈ ಚಾಚಿದರೆ ಗೂಟವೇ ಇರಲಿಲ್ಲ. ಅದನ್ನು ಕಿತ್ತು ಹಿತ್ತಲಲ್ಲಿ ಕರು ಕಟ್ಟಲು ನೆಟ್ಟಿದ್ದರು. ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಒಣಗಿದ ಬಾಳೆಪಟ್ಟೆ ಉಜ್ಜಿದಂತೆ ಸಪ್ಪಳವಾಯಿತು. ಚಳಿಗಾಲದಲ್ಲಿ ದಿನಾ ನಾಲ್ಕಕ್ಕೆ ಸಗಣಿ ನೀರಿನಲ್ಲಿ ಅದ್ದಿ ಒಡೆದ ಕೈಗಳು.

ಆ ಸಪ್ಪಳ ಮಹಾಲಿಂಗಪ್ಪನಿಗೆ ಕೇಳಿಸಿತು. ಅದು ಗೊತ್ತಿದ್ದ ಸಪ್ಪಳ. ನಿದ್ದೆಯ ಮಂಪರಿನಲ್ಲಿ, ಯಾರೋ ಭುಜ ಅಲುಗಿಸುವ ಮೊದಲು, ಇಪ್ಪತ್ತೆರಡು ವರ್ಷ ಕೇಳಿದ್ದು.

ಇದೇ ಹೊತ್ತಿಗೆ ಶೇಖಸಾಬನ ಗಡಿಯಾರ ನಾಲ್ಕು ಹೊಡೆಯಿತು. ಹುಚ್ಚವ್ವ ಸಗಣಿ ನೀರಿನ ಬಕೀಟು ಹೊತ್ತು ಬಂದಳು. ಬೀಗರ ಚಕ್ಕಡಿ ಆಗಲೇ ಬಂದು ನಿಂತದ್ದು ನೋಡಿ ಮುದುಕಿಗೆ ಹಿಂದುಮುಂದು ತಿಳಿಯದೆ ಹೋಯಿತು. ಕೊನೆಗೆ ಹೇಳಬೇಕಾದ ಮಾತನ್ನು ಮೊದಲೇ, ಓಣಿ ಏಳುವಂತೆ ಹೇಳಿದಳು:

"ಯವ್ವಾ ದಾನವ್ವಾ, ಥಳಿ ಹೊಡದು ರಂಗೋಲಿ ಹಾಕೂದೆಲ್ಲಾ ಆತೇನವ್ವಾ, ಏಸ ಲಗೂನ ಏಳ್ತೀಯವ್ವಾ ನನ ತಾಯಿ, ನಾವರ ಈಗ ಕಣ್ಣ ಬಿಟ್ಟಿವಿ."

ಹೇಳಿ ಮುಗಿಸಿ, ಬಗ್ಗಿ, ತಾನೇ ಥಳಿ ಹೊಡೆಯತೊಡಗಿದಳು. ಮೊದಲ ಬೊಗಸೆ ನೀರು ಪರಮೇಶಪ್ಪನ ಪಂಜೆಯ ಅಂಚಿಗೆ ಬಿತ್ತು. ಅವನು ಅಂಚನ್ನೂ ಬಕೀಟನ್ನೂ ಮಹಾಲಿಂಗಪ್ಪನನ್ನೂ ನೋಡಿದ. ಮುಖದ ಮೇಲಿನ ಭಕ್ತಿ ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಮಹಾಲಿಂಗಪ್ಪನ ನಾಲಿಗೆಗೆ ಇದಕ್ಕೂ ಒಂದು ಉತ್ತರ ಸಿದ್ಧವಿತ್ತು. ನಾಳೆಯ ಥಳಿಯನ್ನು ಇವತ್ತೇ ಹೊಡೆಸುತ್ತಿದ್ದೇವೆ ಎನ್ನಬಹುದಿತ್ತು. ಸರೋಜವ್ವ ಅದಕ್ಕೆ ಮೊದಲೇ ಕೇಳಿದಳು. ಜೋರಾಗಿ ಕೇಳಲಿಲ್ಲ.

"ಅಣ್ಣಾರ, ಈ ಮನ್ಯಾಗ ನಸಿಕಿನ್ಯಾಗ ಯಾರ ಏಳ್ತಿದ್ರು?"

ಅವನು ಬಾಯಿ ತೆರೆದ. ನಾಲಿಗೆ ಬರಲಿಲ್ಲ. ಆಮೇಲೆ ಅವನು ಎಲೆ ಎಣಿಸುವ ದನಿಯಲ್ಲಿ, ಏರಿಳಿತ ಇಲ್ಲದೆ ಹೇಳಿದ.

"ನಾ ಎಂದೂ ಲಗೂನ ಎದ್ದಾಂವಲ್ಲರಿ ಅಕ್ಕಾರ. ಈಗ ಎರಡ ವರ್ಷ ಆತು, ನಿದ್ದಿನ ಇಲ್ಲ. ಮಕ್ಕೊಂಡ್ರಲ್ಲ ಏಳೂದು."

ಅವನು ಪಕ್ಕದಲ್ಲಿ ಕಟ್ಟೆಯ ಮೇಲೆ ಕೈ ಇಟ್ಟ.

"ಎದ್ದಾಕಿ ಶಿವಬಸವ್ವ. ಮೊದಲನೇ ಕೋಳಿಗೆ ಎದ್ದು ಥಳಿ ಹೊಡದು, ಬೀಸಿ, ಕಂದೀಲ ಹಿಡಕೊಂಡು ತ್ವಾಟಕ್ಕ ಹೋಗಿ ಎಲಿ ಕೊಯ್ದು, ತುಂಬಿದ ಬುಟ್ಟಿ ಇಲ್ಲೇ ಈ ಕಟ್ಟಿ ಮ್ಯಾಲ ತಂದು ಇಡತಿದ್ಲು. ಆಮ್ಯಾಲ ನನ್ನ ಎಬ್ಬಸತಿದ್ಲು. ನಾ ಬುಟ್ಟಿ ಎತಗೊಂಡು ಪ್ಯಾಟಿಗೆ ಹೋಗಿ, ನಾ ಎದ್ದಿದ್ದೆ ಅಂತ ಹೇಳತಿದ್ದೆ. ನಸಿಕಿನ್ಯಾಗ ಎದ್ರ ಲಾಭ ಐತಿ ಅಂದ್ರೆಲ್ಲರಿ ಬೀಗರ, ಖರೇನ ಐತಿ. ಎದ್ದಾಕಿ ಆಕಿ. ಲಾಭ ಅಷ್ಟೂ ನಾ ತಿಂದೆ."

ಪರಮೇಶಪ್ಪ ಕೈಯಲ್ಲಿದ್ದ ಗಡಿಯಾರದ ಮುಚ್ಚಳ ಮುಚ್ಚಿದ. ಅದು ಟಕ್ಕೆಂದಿತು.

ದಾನವ್ವ ಯಾಕೆ ಮಲಗಿದ್ದಾಳೆ ಎಂಬುದನ್ನೂ ಮಹಾಲಿಂಗಪ್ಪ ಹೇಳಿದ. ತಾಯಿಯ ಮಣ್ಣಾದ ಮೂರನೆಯ ದಿನ ಹುಡುಗಿ ತಾಯಿಯ ಹೊತ್ತಿಗೇ ಎದ್ದು ಕಸಬರಿಗೆ ಹಿಡಿದಿದ್ದಳು. ಅವನು ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದ. ಕತ್ತಲಲ್ಲಿ ಅಂಗಳದ ತುಂಬ ಓಡಾಡುವ ಬಗ್ಗಿದ ಬೆನ್ನು ಕಂಡಿತು. ಶಿವಬಸವ್ವನ ಬೆನ್ನೂ ಹೀಗೇ ಇತ್ತೇ ಎಂದು ನೆನೆಯಲು ಹೋದ. ನೆನಪಾಗಲಿಲ್ಲ. ನೋಡಿದ್ದರೆ ತಾನೆ ನೆನಪು. ಎದ್ದು ಹೋಗಿ ಮಗಳ ಕೈಯಿಂದ ಕಸಬರಿಗೆ ಕಸಿದುಕೊಂಡು, ಮಲಗು ಎಂದ. ಬೀಸುವ ಕಲ್ಲಿನ ಗೂಟ ಕಿತ್ತದ್ದೂ ಅವತ್ತೇ. ಅಂದಿನಿಂದ ಎಲೆ ತಾನೇ ಕೊಯ್ಯುತ್ತಾನೆ, ಆ ಹೊತ್ತಿಗೆ ಯಾರನ್ನೂ ಎಬ್ಬಿಸುವುದಿಲ್ಲ.

"ಹುಡುಗಿ ಮೈಗಳ್ಳಿ ಅಲ್ಲರಿ," ಎಂದ. "ನಾನ ಏಳಗೊಡಸಿಲ್ಲ. ಬ್ಯಾಡಂದ್ರ ಬ್ಯಾಡ ಅನ್ರಿ, ಆಕೀ ಮ್ಯಾಲ ಹಾಕಬ್ಯಾಡ್ರಿ."

ಅಷ್ಟು ಹೇಳಿ ಅವನು ತನ್ನ ಕೈಗಳನ್ನು ನೋಡಿಕೊಂಡ. ಅವು ತೊಡೆಯ ಮೇಲೆ ಬಿದ್ದಿದ್ದವು. ಚಳಿ ಅನ್ನಿಸಿತು. ಚಳಿಯಾಗುತ್ತಿದೆ ಎಂದು ಉಸಿರು ನೋಡದೆಯೇ ತಿಳಿಯಿತು.

ಪರಮೇಶಪ್ಪ ಕೆಮ್ಮಿ ಏನೋ ಹೇಳಲು ಹೊರಟ. ಪದ್ಧತಿ, ಲಕ್ಷ್ಮಿ, ಐದು ಗಂಟೆ, ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಹೆಂಡತಿಯ ಕಡೆ ನೋಡಿದ. ಸರೋಜವ್ವ ಹುಚ್ಚವ್ವನ ಕೈಯಿಂದ ಬಕೀಟು ತೆಗೆದು ಗೋಡೆಯ ಬದಿಗಿಟ್ಟಳು.

"ಸಾಕ ಬಿಡ ಯವ್ವಾ. ಹುಡುಗಿಗೆ ಎಚ್ಚರಾದೀತು." ಆಮೇಲೆ ಗಂಡನಿಗೆ ಹೇಳಿದಳು: "ಕೂಸು ಏಳೂತನಕ ಕುಂದರ್ರಿ. ಎಲಿಅಡಕಿ ಆಮ್ಯಾಲ ಹಿಡಿಯೂಣು. ನಾ ಒಂದೀಟ ಮಕ್ಕೊಂತೇನಿ."

"ಈಗ?" ಎಂದ ಪರಮೇಶಪ್ಪ.

"ಮೂವತ್ತ ವರ್ಷ ಆತು ಈ ಹೊತ್ತಿನ್ಯಾಗ ಮಕ್ಕೊಂಡು," ಎಂದು ಅವಳು ಒಳಗೆ ಹೋದಳು. ದಾನವ್ವನ ಪಕ್ಕದಲ್ಲಿ ಅಡ್ಡಾಗಿ, ಅವಳ ಕೌದಿಯ ಅರ್ಧವನ್ನು ತನ್ನ ಮೇಲೆಳೆದುಕೊಂಡದ್ದು ಹೊರಗಿನವರಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆಯೂ ಕೇಳಿಸಿತು. ಪರಮೇಶಪ್ಪ ಹೆಂಡತಿಯ ಗೊರಕೆಯನ್ನು ಅದೇ ಮೊದಲು ಕೇಳಿದವನಂತೆ ಕಿವಿಯ ವಸ್ತ್ರ ಸರಿಸಿ ಆಲಿಸಿದ.

ಹುಚ್ಚವ್ವ ತನ್ನ ಪಾಠದಲ್ಲಿ ಏನಾದರೂ ತಪ್ಪಿತೇ ಎಂದು ಕೇಳಿ, ಯಾರೂ ಹೇಳದ್ದಕ್ಕೆ ಬಕೀಟು ಅಲ್ಲೇ ಬಿಟ್ಟು ಮನೆಗೆ ಹೋದಳು. ಇಬ್ಬರು ಗಂಡಸರು ಕಟ್ಟೆಯ ಮೇಲೆ ಉಳಿದರು. ಬಾಂಗು ಕೂಗಿತು, ತೋಟಗಳ ಕಡೆ ಹೋಗುವವರ ಕಂದೀಲು ಒಂದೊಂದಾಗಿ ದಾಟಿದವು. ಅವತ್ತು ಮಹಾಲಿಂಗಪ್ಪನ ಬುಟ್ಟಿ ಬರಿದೇ ಇತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಸವಣೂರಿನ ಮೊದಲ ಎಲೆ ಬೇರೆ ಯಾರದೋ ತೋಟದಿಂದ ಹೋಯಿತು.

ಮೂಡಣ ಬೆಳ್ಳಗಾಗಿ, ಆಮೇಲೆ ಬೇಲಿಯ ಮೇಲೆ ಸೂರ್ಯನ ಅಂಚು ಕಾಣಿಸಿತು. ಪರಮೇಶಪ್ಪ ಬಹಳ ಹೊತ್ತಿನಿಂದ ತಡೆದಿದ್ದನ್ನು ಕೇಳಿದ.

"ಮತ್ತ ಆ ಕಿವಿ ಹಿಂಡಿದ್ದು?"

ಮಹಾಲಿಂಗಪ್ಪ ಕಣ್ಣು ಕಿರಿದು ಮಾಡಿ ಅತ್ತ ನೋಡಿದ.

"ಆಕಿ ಇರೂತನಕ ಸೂರ್ಯ ಹುಟ್ಟೂದನ್ನ ನಾ ಒಮ್ಮಿನೂ ನೋಡಿಲ್ಲರಿ," ಎಂದ. "ಹುಟ್ಟೂಮುಂದ ಕೆಂಪಗಿರತಾನಂತ ಆಕೀನ ಹೇಳಿದ್ಲು."